ಏಟಿಗೆ ಮುಂಚೆ ಛಟೀರ್

ಅಪ್ಪನಿಗೆ ಕಂಪ್ಯೂಟರ್ ಮುಂದೆ ಕೂತು ಏನನ್ನೂ ನೋಡಲು ಆಗುವುದಿಲ್ಲ. ಟಿವಿಯೇ ಬೇಕು, ಕಾಲು ಚಾಚಲು ಜಾಗ ಬೇಕು. ಅದಕ್ಕೇ, ಡೌನ್‌ಲೋಡ್ ಮಾಡಿಟ್ಟಿದ್ದ ಒಂದೂವರೆ ಗಂಟೆಯ ನಾಟಕವನ್ನು ಡಿವಿಡಿ ಮಾಡಿಕೊಡ್ತೀನಿ ಅಂತ ನಾನೇ ಮೇಲೆ ಬಿದ್ದು ಹೇಳಿದೆ. ಕನ್ವರ್ಟರ್‌ಗೆ ಹಾಕೋದು, ಬರ್ನ್ ಮಾಡೋದು, ಅಷ್ಟೇ ಅಲ್ವಾ?

ಮೊದಲ ಎರಡು ನಿಮಿಷ ನೋಡಿದೆ. ಸರಿಯಾಗಿತ್ತು. ಕೊಟ್ಟೆ.

ಕೊನೆಯ ದೃಶ್ಯದ ಹೊತ್ತಿಗೆ ಅಮ್ಮನ ಕೂಗು. "ಏನೋ ಇದು, ಏಟು ಬೀಳೋಕೆ ಮುಂಚೆನೇ ಛಟೀರ್ ಅಂತಿದೆ?" ಹೋಗಿ ನೋಡಿದರೆ ನಿಜ. ಸದ್ದು ಬಂದು ಐದು ಸೆಕೆಂಡ್ ಆದಮೇಲೆ ನಾಯಕ ನಿಧಾನವಾಗಿ ಕೈ ಎತ್ತುತ್ತಿದ್ದ, ಅಷ್ಟರಲ್ಲಿ ಖಳನಾಯಕ ಅಯ್ಯೋ ಅಂದು, ಶಾಪ ಹಾಕಿ, ಎಲ್ಲ ಮುಗಿಸಿ ಕೆನ್ನೆ ಕೊಟ್ಟು ಕಾಯುತ್ತಿದ್ದ.

ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರ್ ತೆರೆದೆ. ಅದರಲ್ಲಿ ಕೆ ಕೀ ಒಂದು ಸಲ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ತಡವಾಗುತ್ತದೆ. ಎಣಿಸುತ್ತಾ ಒತ್ತಿದೆ. ಸರಿಹೋಗಿದ್ದು 108ನೇ ಸಲಕ್ಕೆ, ಜಪ ಮಾಡಿದ ಹಾಗೆ. ಖುಷಿಯಲ್ಲಿ ಇನ್ನೊಂದು ಡಿಸ್ಕ್ ಬರ್ನ್ ಮಾಡಿದೆ. ಮತ್ತೆ ಅದೇ ಕಥೆ. ಆ ಜಪವೆಲ್ಲ ನೋಡುವಾಗಷ್ಟೇ, ಫೈಲ್‌ಗೆ ಅದರ ಪುಣ್ಯ ತಟ್ಟುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸರಿ, ಕನ್ವರ್ಟರ್‌ನಲ್ಲೇ 5.4 ಸೆಕೆಂಡ್ ತಡ ಅಂತ ಹಾಕಿದೆ. ಕೊನೆಯ ಏಟು ಸರಿಯಾಗಿ ಬಿತ್ತು. ಆದರೆ ಈಗ ಶುರುವಿನಲ್ಲಿ ಎಲ್ಲರೂ ಮೀನಿನಂತೆ ಸುಮ್ನೆ ಬಾಯಿ ಆಡಿಸುತ್ತಿದ್ದರು. ಹಾಗಾದರೆ ಅರ್ಧ ಮಾಡೋಣ ಅಂತ 2.7 ಹಾಕಿದೆ (ಈ ಬುದ್ಧಿವಂತಿಕೆ ಬಂದದ್ದು ರಾತ್ರಿ ಎರಡು ಗಂಟೆಗೆ, ಕ್ಷಮಿಸಿ). ನಟ್ಟನಡುವೆ ಒಂದೆರಡು ನಿಮಿಷ ಮಾತ್ರ ಸರಿ, ಎರಡೂ ತುದಿ ಕೆಟ್ಟಿತು.

ಆಗ ತಲೆಗೆ ಹೊಳೆಯಿತು, ಸದ್ದು ಒಂದೇ ಅಳತೆಯಲ್ಲಿ ತಪ್ಪಿಲ್ಲ, ಹೋಗ್ತಾ ಹೋಗ್ತಾ ಜಾರುತ್ತಿದೆ. ನನ್ನ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ. ನಾನು ಆರಿಸಿದ್ದ, ಅಮೆರಿಕದ ಟಿವಿ ಮಾದರಿಯಾದ ಎನ್‌ಟಿಎಸ್‌ಸಿ ಡಿವಿಡಿಯಲ್ಲಿ 29.97. ಕನ್ವರ್ಟರ್ ಒಂದು ಫ್ರೇಮನ್ನೂ ಬಿಡದೆ ಹಾಗೇ ಸುರಿದಿತ್ತು. ಚಿತ್ರ ಸಾವಿರಕ್ಕೊಂದು ಪಾಲು ನಿಧಾನವಾಯಿತು, ಸದ್ದು ಮಾತ್ರ ತನ್ನ ಪಾಡಿಗೆ ಓಡಿತು. ಗಂಟೆಗೆ 3.6 ಸೆಕೆಂಡ್, ಒಂದೂವರೆ ಗಂಟೆಗೆ 5.4. ನಾನು ಪರೀಕ್ಷೆ ಮಾಡಿದ ಎರಡು ನಿಮಿಷದಲ್ಲಿ ಬರೀ 0.12, ಹೇಗೆ ಸಿಗಬೇಕು ಕೈಗೆ! ಸದ್ದು ಸ್ವಲ್ಪ ತಡವಾದರೆ ನಾವು ಸಹಿಸುತ್ತೇವೆ, ಮಿಂಚಿನ ನಂತರ ಗುಡುಗು ಕೇಳಿ ಅಭ್ಯಾಸ. ಮೊದಲೇ ಬಂದರೆ ಮಾತ್ರ ಬೇಗ ಕಣ್ಣಿಗೆ ಚುಚ್ಚುತ್ತದೆ.

ಸದ್ದನ್ನು ಬೇರೆ ವೇವ್ ಫೈಲ್ ಆಗಿ ತೆಗೆದು, ಅಡಾಸಿಟಿ ಅನ್ನೋ ಸದ್ದು ತಿದ್ದುವ ತಂತ್ರಾಂಶದಲ್ಲಿ ಶೇ. 0.1ರಷ್ಟು ಎಳೆದು, ಡಿವಿಡಿಗೆ ಬೇಕಾದ, ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆದಿಡುವ 48 ಕಿಲೋಹರ್ಟ್ಸ್‌ನಲ್ಲಿ ಉಳಿಸಿ, ಮತ್ತೆ ಚಿತ್ರಕ್ಕೆ ಜೋಡಿಸಿದೆ. ಎಳೆದದ್ದು ಕಿವಿಗೆ ಗೊತ್ತೇ ಆಗಲಿಲ್ಲ. ಅಷ್ಟರಲ್ಲಿ ನಾಲ್ಕು ಡಿಸ್ಕ್ ದಂಡವಾಗಿದ್ದವು, ಈ ಸಲ ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಹಾಕಿದೆ. ಶುರು, ನಡು, ಕೊನೆ, ಮೂರೂ ಕಡೆ ನೋಡಿದೆ. ಏಟಿಗೂ ಛಟೀರಿಗೂ ಕೂದಲೆಳೆಯಷ್ಟೂ ಅಂತರವಿಲ್ಲ.

ಅಪ್ಪನನ್ನು ಕೂರಿಸಿ ಹಾಕಿದೆ. ಎಂದಿನಂತೆ ಇಪ್ಪತ್ತನೇ ನಿಮಿಷಕ್ಕೆ ನಿದ್ದೆ ಹೋದರು. ಹಳೇ ಡಿಸ್ಕ್ ಹಾಕಿದ್ದರೂ ಅಲ್ಲಿವರೆಗೆ ತಪ್ಪುತ್ತಿದ್ದದ್ದು ಬರೀ 1.2 ಸೆಕೆಂಡ್. ನಾನು ಅವರ ಬಾಯನ್ನೇ ನೋಡುತ್ತಾ ಕೂತೆ. ಗೊರಕೆ ಮಾತ್ರ ಒಂದು ಮಿಲಿಸೆಕೆಂಡೂ ಆಚೀಚೆ ಆಗಲಿಲ್ಲ.