ಲೋಗೊ ವಾಪಸ್ ಕಳಿಸ್ರಿ

ನಮ್ಮ ಓಣಿಯ ಟಿವಿ ವರದಿಗಾರ ಹೋದ ವಾರದಿಂದ ವರದಿಗಾರ ಅಲ್ಲ. ಹಾಗಂತ ಕೆಲಸ ಹೋಗಿಲ್ಲವಂತೆ, 'ಮರುರಚನೆ' ಆಗಿದೆಯಂತೆ. ಬೆಂಗಳೂರಿನ ಎಚ್‌ಆರ್ ಮೇಡಂ ವಿಡಿಯೊ ಕಾಲ್‌ನಲ್ಲಿ ನಗುನಗುತ್ತಲೇ ವಿಷಯ ಮುಗಿಸಿದರು. ಕಲಬುರಗಿ ಬ್ಯೂರೊವನ್ನು ಹುಬ್ಬಳ್ಳಿಗೆ ಸೇರಿಸಿದ್ದೇವೆ, ನಿಮ್ಮ ಭಾಗಕ್ಕೆ ಇದರಿಂದ ಒಳ್ಳೆಯದೇ ಅಂದರು. ಹುಬ್ಬಳ್ಳಿ ಇಲ್ಲಿಂದ 300 ಕಿಲೋಮೀಟರ್‌ಗೂ ಜಾಸ್ತಿ. ಅಫಜಲಪುರದಲ್ಲಿ ಭೀಮಾ ಉಕ್ಕಿದರೆ, ಹುಬ್ಬಳ್ಳಿಯಿಂದ ಹೊರಟ ಕ್ಯಾಮೆರಾ ಬರುವಷ್ಟರಲ್ಲಿ ನೀರಿಳಿದು ಜೋಳ ಬಿತ್ತಿರುತ್ತಾರೆ.

ಇವನ ಡ್ರೈವರ್‌ನ ಮರುರಚನೆ ಎಂದೋ ಆಗಿತ್ತು. ಆಮೇಲೆ ಕ್ಯಾಮೆರಾಮನ್‌ದು. ತಾನೇ ಬೈಕ್ ಓಡಿಸಿ, ತಾನೇ ಮೊಬೈಲ್ ನಿಲ್ಲಿಸಿ, ಅದರ ಮುಂದೆ ಓಡಿ ಬಂದು ನಿಂತು, 'ಕ್ಯಾಮೆರಾಮನ್ ಜೊತೆ' ಅಂತ ಮಾತು ಮುಗಿಸುತ್ತಿದ್ದ. ಯಾರಪ್ಪಾ ಅದು ಅಂದರೆ ಸ್ಟ್ಯಾಂಡ್ ತೋರಿಸುತ್ತಿದ್ದ.

ನಟನ ನಾಯಿ ಸೀನಿದರೂ ಬ್ರೇಕಿಂಗ್ ಹಾಕುವ ಚಾನೆಲ್ ಅದು. ತನ್ನದೇ ಜನ ಮನೆಗೆ ಹೋದ ದಿನ ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲೂ ಅದು ಕಾಣಲಿಲ್ಲ.

ಮರುದಿನ ಮೇಲ್ ಬಂತು. ಲೋಗೊ ವಾಪಸ್ ಕಳಿಸಿ, ಕೊರಿಯರ್ ಖರ್ಚು ನಿಮ್ಮದು. ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ-ಮಿರ್ಚಿ ತಿನ್ನುತ್ತಾ ಅದನ್ನು ಚೀಲದಿಂದ ತೆಗೆದ. ಮೈಕಿಗೆ ಸಿಕ್ಕಿಸುವ ಡಬ್ಬಿ. ಬಣ್ಣ ಹೋಗಿದೆ, ಒಂದು ಮೂಲೆ ಫೆವಿಕ್ವಿಕ್ ದಯೆಯಿಂದ ನಿಂತಿದೆ, ಸಂದಿಯಲ್ಲೆಲ್ಲ ಗಂಜ್ ಮಾರುಕಟ್ಟೆಯ ತೊಗರಿ ಧೂಳು. "ತೊಗರಿ ರೇಟಿನ ಸುದ್ದಿ ಹನ್ನೆರಡು ಸಲ ಮಾಡೀನ್ರಿ ಅಣ್ಣಾ. ಹಾಕಿದ್ದು ಒಂದೇ ಸಲ. ಅದೂ ಮುಂಜಾನಿ ಐದಕ್ಕ."

ಸಮಾಧಾನ ಮಾಡೋಣ ಅಂತ ನಾನು ಹಳೆಯ ಹೆಮ್ಮೆ ಬಿಚ್ಚಿದೆ. 1975ರಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತಲ್ಲ, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಇಲ್ಲಿ ದೂರದರ್ಶನ ಕೇಂದ್ರ ಬಂದದ್ದು 1977ರಲ್ಲಿ, ಬೆಂಗಳೂರಿಗೆ 1981ರಲ್ಲಿ. ಟಿವಿ ವಿಷಯದಲ್ಲಿ ರಾಜಧಾನಿಗೇ ಸೀನಿಯರ್ ನಾವು!

"ಆ ಸೀನಿಯರ್‌ಗೆ 2021ರಾಗ ಏನಾತು?" ಅಂದ.

ಅದನ್ನು ಹೇಳುವ ಮನಸ್ಸಿರಲಿಲ್ಲ. ಆ ವರ್ಷ ದೂರದರ್ಶನ ನಡೆಸುವ ಪ್ರಸಾರ ಭಾರತಿ, ಮನೆಯ ಆಂಟೆನಾಕ್ಕೆ ಚಿತ್ರ ಕಳಿಸುವ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಿತ್ತು. ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಅಂತ ಗುಲ್ಲಾಯಿತು. ಆಗ ಸ್ಪಷ್ಟನೆ ಬಂತು: ಮುಚ್ಚುವುದಿಲ್ಲ, ಕಾರ್ಯಕ್ರಮ ಅಲ್ಲೇ ತಯಾರಾಗುತ್ತದೆ, ರಾಜ್ಯದ ಉಪಗ್ರಹ ಚಾನೆಲ್‌ನಲ್ಲಿ, ಯೂಟ್ಯೂಬಿನಲ್ಲಿ ಬರುತ್ತದೆ. ಅಂದರೆ ರೊಟ್ಟಿ ಇಲ್ಲೇ ಬಡೀರಿ, ಬಡಿಸೋರು ಬೇರೆ.

ಅಷ್ಟರಲ್ಲಿ ಇವನ ಫೋನ್ ಬಡಕೊಂಡಿತು. ಡೆಸ್ಕ್‌ನ ಹೊಸ ಹುಡುಗಿ. ಮರುರಚನೆಯ ಪಟ್ಟಿ ಆಕೆಗಿನ್ನೂ ಮುಟ್ಟಿಲ್ಲ, ಪಾಪ.

"ಸರ್, ಅಲ್ಲಿ 44 ಡಿಗ್ರಿ ಅಂತೆ? ರಸ್ತೆ ಮೇಲೆ ಆಮ್ಲೆಟ್ ಆಗುತ್ತಲ್ವಾ, ಆ ವಿಷುವಲ್ ಬೇಗ ಕಳಿಸ್ತೀರಾ?"

ಇವನು ಡಬ್ಬಿಯ ಧೂಳು ಒರೆಸಿದ.

"ಕಳಿಸ್ತೀನ್ರಿ ಮೇಡಂ. ಬಿಸಿಲು ನಮ್ದದ. ತತ್ತಿ ಹುಬ್ಬಳ್ಳಿಯಿಂದ ಕಳಿಸ್ರಿ."