ಭಾಗವತರಿಲ್ಲದ ರಂಗಕ್ಕೆ ಹೋಗುವ ಮುನ್ನ

"ಕಥೆ ಮೊದಲೇ ಓದಬೇಡಿ, ಮಜಾ ಹೋಗಿಬಿಡುತ್ತೆ." ಲಂಡನ್ನಿನಲ್ಲಿ ಹೊಸ ಕಥಾ ಬ್ಯಾಲೆಗೆ ಟಿಕೆಟ್ ತೆಗೆದವರಿಗೆ ಸಿಗುವ ಮೊದಲ ಬುದ್ಧಿಮಾತು ಇದು. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಹೌಸ್‌ನಲ್ಲಿ ಮೊದಲ ಅಂಕ ಮುಗಿದು ದೀಪ ಹತ್ತಿದಾಗ ಅಕ್ಕಪಕ್ಕದ ಸೀಟುಗಳಿಂದ ಬರುವ ಮಾತು ಕೇಳಿ: "ಅವಳು ಅವನ ಹೆಂಡತಿಯಾ, ತಂಗಿಯಾ?" "ಅಷ್ಟು ಹೊತ್ತು ಚೆನ್ನಾಗಿದ್ದವನು ಇದ್ದಕ್ಕಿದ್ದಂತೆ ಯಾಕೆ ಕೆರಳಿದ?" ದುಬಾರಿ ಟಿಕೆಟ್ ಕೊಂಡು, ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತವರು ಕೇಳುವ ಪ್ರಶ್ನೆಗಳಿವು. ಬಯಲಾಟ ನೋಡಿ ಬೆಳೆದವರಿಗೆ ಇದು ನಿಜಕ್ಕೂ ಸಂಕಟದ ಸಂಗತಿ.

ಕರ್ಣಪರ್ವಕ್ಕೆ ಹೋಗುವವರಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಿದ್ದಾರೆ? ಗೊತ್ತಿರುವುದರಿಂದಲೇ ಹೋಗುತ್ತಾರೆ. ಈ ಸಲದ ಕರ್ಣ ಶಲ್ಯನೆದುರು ಹೇಗೆ ನಿಲ್ಲುತ್ತಾನೆ, ಹೂತುಹೋದ ಚಕ್ರದ ಪದಕ್ಕೆ ಭಾಗವತರು ಯಾವ ರಾಗ ಎತ್ತುತ್ತಾರೆ ಅನ್ನುವುದರ ಮೇಲೆ ನಮ್ಮ ಕಣ್ಣು, ಕಿವಿ. ಕಥೆ ತಿಳಿದವನಿಗೆ ಮಾತ್ರ ಆಟ ಪೂರ್ತಿ ಕಾಣುತ್ತದೆ. ಇನ್ನು ಕಥೆ ಗೊತ್ತಿಲ್ಲದ ಹೊಸ ಪ್ರಸಂಗವಾದರೂ ಚಿಂತೆಯಿಲ್ಲ. ಒಡ್ಡೋಲಗ ಮುಗಿಯುತ್ತಲೇ ವೇಷಧಾರಿ ತಾನು ಯಾರು, ಯಾರ ಮಗ, ಮನಸ್ಸಿನಲ್ಲಿ ಏನಿದೆ ಎಂದು ಭಾಗವತರೆದುರು ಬಿಚ್ಚಿಡುತ್ತಾನೆ. ಬಣ್ಣದ ವೇಷವೋ, ಪುಂಡುವೇಷವೋ ಎಂಬುದು ಅದಕ್ಕೂ ಮೊದಲೇ ಅರ್ಧ ಪರಿಚಯ ಮಾಡಿಕೊಟ್ಟಿರುತ್ತದೆ.

ಬ್ಯಾಲೆಯಲ್ಲಿ ಭಾಗವತರಿಲ್ಲ, ಅರ್ಥ ಹೇಳುವವರೂ ಇಲ್ಲ. ಅದೇ ರಂಗದಲ್ಲಿ ಆಪೆರಾ ಇದ್ದ ದಿನ ವೇದಿಕೆಯ ಮೇಲೆ ಇಂಗ್ಲಿಷ್ ಸಾಲುಗಳು ಮೂಡುತ್ತವೆ, ಬ್ಯಾಲೆಯ ದಿನ ಅದೂ ಇಲ್ಲ. ಮೈ, ಬಟ್ಟೆ, ಬೆಳಕು, ವಾದ್ಯಗಳು, ಇಷ್ಟರಲ್ಲೇ ಎಲ್ಲ ತಿಳಿಯಬೇಕು. ಪ್ರೀತಿ, ಹೊಟ್ಟೆಕಿಚ್ಚು, ಭಯ, ಸಾವು ಇವು ಮೈಯಲ್ಲಿ ಸಲೀಸಾಗಿ ಬರುತ್ತವೆ. ನೆಂಟಸ್ತಿಕೆ, ಕಾನೂನು, ಲೆಕ್ಕ, ನಿನ್ನೆ, ನಾಳೆ ಇವು ಬರುವುದಿಲ್ಲ. ಬ್ಯಾಲೆಯಲ್ಲಿ ಅತ್ತೆಯಂದಿರಿಲ್ಲ ಎಂಬ ಮಾತು ನೃತ್ಯ ಸಂಯೋಜಕ ಜಾರ್ಜ್ ಬಾಲಂಚಿನ್ ಹೆಸರಿನಲ್ಲಿ ಓಡಾಡುತ್ತದೆ. ವಯಸ್ಸಾದ, ದರ್ಪದ ಹೆಂಗಸನ್ನು ಕುಣಿದು ತೋರಿಸಬಹುದು. ಅವಳು ಅಮ್ಮನೋ, ಅತ್ತೆಯೋ, ಮಲತಾಯಿಯೋ ಎಂಬುದನ್ನು ಯಾವ ಹೆಜ್ಜೆಯೂ ಹೇಳಲಾರದು.

ಕ್ರಿಸ್ಟೊಫರ್ ವೀಲ್ಡನ್ 2014ರಲ್ಲಿ ಇಲ್ಲಿ ಕಟ್ಟಿದ 'ದಿ ವಿಂಟರ್ಸ್ ಟೇಲ್' ನೋಡಿ. ಷೇಕ್ಸ್‌ಪಿಯರನ ನಾಟಕ, ಜೋಬಿ ಟಾಲ್ಬಟ್ ಸಂಗೀತ, ಮೂರು ಅಂಕ. ಸಿಸಿಲಿಯಾದ ರಾಜ ಲಿಯಾಂಟಿಸ್. ಬೊಹಿಮಿಯಾದ ರಾಜ ಪೊಲಿಕ್ಸಿನಿಸ್ ಅವನ ಬಾಲ್ಯದ ಗೆಳೆಯ, ಅತಿಥಿಯಾಗಿ ಬಂದಿದ್ದಾನೆ. ರಾಣಿ ಹರ್ಮಯನಿ ತುಂಬು ಗರ್ಭಿಣಿ. ಹೊಟ್ಟೆಯಲ್ಲಿ ಮಗು ಒದ್ದದ್ದನ್ನು ತೋರಿಸಲು ಅವಳು ಗಂಡನ ಕೈಯನ್ನೂ ಗೆಳೆಯನ ಕೈಯನ್ನೂ ಹಿಡಿದು ಹೊಟ್ಟೆಯ ಮೇಲಿಡುತ್ತಾಳೆ. ಆ ಗಳಿಗೆಯಲ್ಲಿ ಲಿಯಾಂಟಿಸ್ ಕಲ್ಲಾಗುತ್ತಾನೆ. ಬೆಳಕು ಬದಲಾಗುತ್ತದೆ, ಅವನ ಬೆರಳುಗಳು ಜೇಡದ ಕಾಲುಗಳಂತೆ ಅವನದೇ ಮೈಮೇಲೆ ಹರಿದಾಡತೊಡಗುತ್ತವೆ. ಕಥಾಸಾರ ಓದಿಕೊಂಡವರಿಗೆ ಮೈ ಜುಮ್ಮೆನ್ನುವ ಜಾಗ ಇದು. ಯಾಕೆಂದರೆ ಗೆಳೆಯ ಬಂದು ಒಂಬತ್ತು ತಿಂಗಳಾಗಿದೆ. ಸಂಶಯದ ಬೇರೆಲ್ಲ ಆ ಒಂಬತ್ತರಲ್ಲಿದೆ, ಅದನ್ನು ಕುಣಿಯುವುದು ಹೇಗೆ? ಓದದವರಿಗೆ ಕಾಣುವುದು ಕಾರಣವಿಲ್ಲದೆ ಹುಚ್ಚನಾದ ಒಬ್ಬ ಗಂಡ. ಇಂಟರ್ವಲ್‌ನ ಎರಡನೆಯ ಪ್ರಶ್ನೆ ಹುಟ್ಟುವುದು ಇಂಥಲ್ಲೇ.

ಇದೇ ಬ್ಯಾಲೆಯ ಆರಂಭದಲ್ಲಿ ಒಂದು ಪುಟ್ಟ ಪೀಠಿಕೆಯಿದೆ. ಇಬ್ಬರು ಹುಡುಗರು ಬೇರೆಯಾಗುತ್ತಾರೆ, ದೊಡ್ಡವರಾಗಿ ಮತ್ತೆ ಸೇರುತ್ತಾರೆ. ಲಿಯಾಂಟಿಸ್ ಮದುವೆಯಲ್ಲಿ ಹೆಂಡತಿಗೆ ಪಚ್ಚೆಯ ಹಾರ ಕೊಡುತ್ತಾನೆ. ಎಲ್ಲ ಕೆಲವೇ ನಿಮಿಷ. ಹದಿನಾರು ವರ್ಷದ ನಂತರದ ಕಥೆಯಲ್ಲಿ ಕಳೆದುಹೋದ ಮಗಳ ಗುರುತು ಸಿಗುವುದು ಆ ಪಚ್ಚೆಯಿಂದ. ನಮಗೆ ಚೂಡಾಮಣಿ ಕಂಡರೆ ಇಡೀ ಸುಂದರಕಾಂಡ ಕಣ್ಣಮುಂದೆ ಬರುತ್ತದಲ್ಲ, ಹಾಗೆ. ಊರಿನ ಅಭ್ಯಾಸದಲ್ಲಿ ಹೊರನಾಡ ಕನ್ನಡಿಗರು ಎಡವುವುದು ಇಲ್ಲಿ. ಆಟದ ಆರಂಭದ ಕೋಡಂಗಿ, ಬಾಲಗೋಪಾಲ ಮುಗಿದ ಮೇಲೆ ಬಂದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಡವಾಗಿ ಬಂದವರನ್ನು ತಕ್ಕ ವಿರಾಮ ಬರುವ ತನಕ ಒಳಗೆ ಬಿಡುವುದಿಲ್ಲ, ಐದು ನಿಮಿಷ ತಪ್ಪಿಸಿಕೊಂಡವರಿಗೆ ಪಚ್ಚೆ ತಪ್ಪಿತು. ಕೆನೆತ್ ಮ್ಯಾಕ್‌ಮಿಲನ್ 1978ರಲ್ಲಿ ಕಟ್ಟಿದ 'ಮೇಯರ್ಲಿಂಗ್' ಶುರುವಾಗುವುದೇ ಸ್ಮಶಾನದಲ್ಲಿ, ಬೆಳಗಾಗುವ ಮೊದಲು ಗುಟ್ಟಾಗಿ ನಡೆಯುವ ಒಂದು ಹೂಳುವಿಕೆಯಿಂದ. ಹೂಳುತ್ತಿರುವುದು ಯಾರನ್ನು ಎಂದು ಮೊದಲೇ ತಿಳಿದಿದ್ದರೆ ಮುಂದಿನ ಮೂರು ಅಂಕಗಳ ಬಣ್ಣವೇ ಬೇರೆ. ಆ ಬ್ಯಾಲೆಯಲ್ಲಿ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಸುತ್ತ ತಾಯಿ, ಹೆಂಡತಿ, ಹಳೆಯ ಪ್ರೇಯಸಿ, ಇನ್ನೊಬ್ಬ ಪ್ರೇಯಸಿ, ಅವನ ಜೊತೆ ಸಾಯುವ ಹುಡುಗಿ ಹೀಗೆ ಐವರು ಹೆಂಗಸರು ಬಂದುಹೋಗುತ್ತಾರೆ. ಹೆಸರಿನ ಪಟ್ಟಿಯಿಲ್ಲದೆ ಹೋದವರು ಮೊದಲ ಅಂಕವನ್ನೆಲ್ಲ ಅವರನ್ನು ಬೇರ್ಪಡಿಸುವುದರಲ್ಲೇ ಕಳೆಯುತ್ತಾರೆ.

ಹಾಗಾದರೆ ಏನು ಓದಬೇಕು, ಯಾವಾಗ? ಬ್ಯಾಲೆ ಕಂಪನಿಗಳು ಕಥಾಸಾರವನ್ನು ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿರುತ್ತವೆ, ಒಂದೆರಡು ಪುಟ ಅಷ್ಟೆ. ದೀಪ ಆರುವ ಮುಂಚಿನ ಮೂರು ನಿಮಿಷದಲ್ಲಿ ಅದನ್ನು ನುಂಗಲು ಹೋದರೆ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಹಿಂದಿನ ರಾತ್ರಿ ಓದಿ, ಕಥೆಗಿಂತ ಮೊದಲು ಪಾತ್ರಗಳ ಪಟ್ಟಿ ಓದಿ. ಯಾರು ಯಾರಿಗೆ ಏನಾಗಬೇಕು ಎಂದು ಒಂದು ಚೀಟಿಯಲ್ಲಿ ವಂಶವೃಕ್ಷದ ಹಾಗೆ ಗೆರೆ ಎಳೆದುಕೊಳ್ಳಿ. ಐದಾರು ಹೆಸರು ಸಾಕು, ಉಳಿದವರು ಗುಂಪು. ಆಮೇಲೆ ಕಥಾಸಾರದಲ್ಲಿ ಹುಡುಕಬೇಕಾದ್ದು ಕುಣಿಯಲಾಗದ ಸಂಗತಿಗಳನ್ನು: ಎಷ್ಟು ವರ್ಷ ಕಳೆಯಿತು, ಯಾವ ಕಟ್ಟುಪಾಡು ಅಡ್ಡ ಬಂತು, ಯಾವ ವಸ್ತು ಕೈಯಿಂದ ಕೈಗೆ ಹೋಯಿತು. ಇವುಗಳ ಕೆಳಗೆ ಗೆರೆ ಹಾಕಿ. ಕೊನೆಗೆ ಪ್ರತಿ ಅಂಕ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ಇಂಟರ್ವಲ್‌ನಲ್ಲಿ ಮುಂದಿನ ಅಂಕದ್ದನ್ನು ಮಾತ್ರ ಮತ್ತೊಮ್ಮೆ ಓದಿದರೆ ಸಾಕು.

ವೀಲ್ಡನ್ ಅವರದೇ 2022ರ 'ಲೈಕ್ ವಾಟರ್ ಫಾರ್ ಚಾಕೊಲೆಟ್' ಬ್ಯಾಲೆಗೆ ಈ ಕ್ರಮ ಹೇಳಿ ಮಾಡಿಸಿದ ಹಾಗಿದೆ. ಮೆಕ್ಸಿಕೋದ ಒಂದು ಮನೆ. ಕಿರಿಮಗಳು ಮದುವೆಯಾಗುವಂತಿಲ್ಲ, ಬದುಕಿರುವ ತನಕ ತಾಯಿಯ ಸೇವೆ ಮಾಡಬೇಕು ಎಂಬುದು ಆ ಮನೆತನದ ಕಟ್ಟುಪಾಡು. ಹಾಗಾಗಿ ಟೀಟಾಳನ್ನು ಪ್ರೀತಿಸಿದ ಪೆದ್ರೊ ಅವಳ ಹತ್ತಿರವಿರಲೆಂದೇ ಅವಳ ಅಕ್ಕನನ್ನು ಮದುವೆಯಾಗುತ್ತಾನೆ. ಅಂದರೆ ಆ ತಾಯಿ ಅವನಿಗೆ ಅತ್ತೆ. ಇಲ್ಲವೆಂದ ಅತ್ತೆ ಕೊನೆಗೂ ಬಂದಳು! ಮದುವೆಯ ಕೇಕಿಗೆ ಟೀಟಾಳ ಕಣ್ಣೀರು ಬೀಳುತ್ತದೆ, ಅದನ್ನು ತಿಂದ ಅತಿಥಿಗಳೆಲ್ಲ ದುಃಖದಲ್ಲಿ ಮುಳುಗುತ್ತಾರೆ. ಕಟ್ಟುಪಾಡು ಗೊತ್ತಿದ್ದರೆ ಎದೆ ಒಡೆಯುತ್ತದೆ, ಗೊತ್ತಿಲ್ಲದಿದ್ದರೆ ಒಂದಿಷ್ಟು ಜನ ಹೊಟ್ಟೆ ಹಿಡಿದುಕೊಂಡು ಓಲಾಡುತ್ತಿರುತ್ತಾರೆ, ಅಷ್ಟೆ.

ಇಂಥ ಬ್ಯಾಲೆಗೆ ಮೂಲವಾದ ಕಾದಂಬರಿಯನ್ನೇ ಪೂರ್ತಿ ಓದಿ ಹೋಗುವವರೂ ಇದ್ದಾರೆ. ಬೇಡ. ಒಂದು ಸಂಜೆಯ ಬ್ಯಾಲೆಯಲ್ಲಿ ಹಿಡಿಯುವುದು ಬೆರಳೆಣಿಕೆಯ ಸನ್ನಿವೇಶಗಳು. ಓದಿದವರು ಬಿಟ್ಟುಹೋದ ಸನ್ನಿವೇಶಕ್ಕಾಗಿ ಕಾಯುತ್ತಾ ಕಣ್ಣೆದುರಿನದನ್ನು ಕಳೆದುಕೊಳ್ಳುತ್ತಾರೆ. ಪುಸ್ತಕ ಆಮೇಲೂ ಇರುತ್ತದೆ. ಹಾಗೆಯೇ ಪೋಸ್ಟರಿನ ಮುಖವನ್ನು ನಂಬಬೇಡಿ. ಒಂದೇ ಪಾತ್ರವನ್ನು ಬೇರೆ ಬೇರೆ ದಿನ ಬೇರೆ ಬೇರೆಯವರು ಮಾಡುತ್ತಾರೆ, ಪೋಸ್ಟರಿನವರು ನಿಮ್ಮ ದಿನ ಇರಲಿಕ್ಕಿಲ್ಲ. ಆ ದಿನದ ಕಾಸ್ಟ್ ಶೀಟ್, ಅಂದರೆ ಪಾತ್ರಧಾರಿಗಳ ಪಟ್ಟಿ ನೋಡಿ, ಮುಖಕ್ಕಿಂತ ಉಡುಪಿನ ಬಣ್ಣ ಗುರುತಿಟ್ಟುಕೊಳ್ಳಿ.

ಹಳೆಯ ಬ್ಯಾಲೆಗಳ ಕೈಸನ್ನೆಗಳನ್ನು ಕಲಿತು ಹೋಗಬೇಕೇ ಎಂದು ಕೇಳುವವರಿದ್ದಾರೆ. 1841ರ 'ಜಿಸೆಲ್'ಗಾದರೆ ಹೌದು. ಅಲ್ಲಿ ತಾಯಿ ಮಗಳನ್ನು ಎಚ್ಚರಿಸುವ ಪೂರ್ತಿ ಪ್ರಸಂಗವೇ ಸನ್ನೆಯಲ್ಲಿದೆ. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ಕುಣಿತ, ಉಂಗುರದ ಬೆರಳು ಮುಟ್ಟಿದರೆ ಮದುವೆ, ಬಿಗಿಮುಷ್ಟಿಗಳನ್ನು ಮುಂದೆ ಕತ್ತರಿಯಾಗಿಸಿ ಕೆಳಗಿಳಿಸಿದರೆ ಸಾವು. ಮುದ್ರೆ ನೋಡಿ ಬೆಳೆದ ನಮಗೆ ಹತ್ತು ನಿಮಿಷದ ಕಲಿಕೆ. ಆದರೆ ಹೊಸ ಕಥಾ ಬ್ಯಾಲೆಗಳಲ್ಲಿ ಈ ನಿಘಂಟು ಹೆಚ್ಚಾಗಿ ಇರುವುದಿಲ್ಲ. ಕಥೆ ಸಾಗುವುದು ಇಬ್ಬರ ಕುಣಿತದಲ್ಲಿ, ಅಂದರೆ ಪಾ ದ ದ್ಯೂಗಳಲ್ಲಿ. ಅದು ಶುರುವಾಗುವಾಗ ಯಾರು ಯಾರ ಬಳಿ ಹೋದರು, ಮುಗಿಯುವಾಗ ಯಾರು ಮೊದಲು ಕೈ ಬಿಟ್ಟರು, ಎತ್ತಿಕೊಂಡಾಗ ಅವಳ ಮುಖ ಅವನ ಕಡೆಗಿತ್ತೋ ಬೇರೆ ಕಡೆಗೋ, ಇಷ್ಟು ಗಮನಿಸಿದರೆ ಮಾತು ಕೇಳಿಸಿದ ಹಾಗೆಯೇ.

ಇದಕ್ಕೆಲ್ಲ ಕಣ್ಣಿಗೆ ಕಾಣಬೇಕಲ್ಲ. ರಾಯಲ್ ಆಪೆರಾ ಹೌಸ್‌ನ ಸಭಾಂಗಣ ಕುದುರೆ ಲಾಳದ ಆಕಾರದ್ದು. ಎಡಬದಿಯ ಸೀಟಿನಲ್ಲಿ ಕೂತವರಿಗೆ ರಂಗದ ಎಡ ಮೂಲೆ ಮರೆಯಾಗುತ್ತದೆ, ಬಲಬದಿಯವರಿಗೆ ಬಲ ಮೂಲೆ. ಪಿತೂರಿ, ಕದ್ದು ನೋಡುವುದು, ಕಾಗದ ಕೈ ಬದಲಾಯಿಸುವುದು ಎಲ್ಲ ನಡೆಯುವುದು ಮೂಲೆಗಳಲ್ಲೇ. ಅಗ್ಗದ ಸೀಟೇ ಬೇಕಿದ್ದರೆ ಮೇಲಿನ ಆಂಫಿಥಿಯೇಟರ್‌ನ ನಡುಭಾಗ ಹಿಡಿಯಿರಿ. ಅಲ್ಲಿಂದ ಮುಖಭಾವ ಕಾಣಲು 3 ಪಟ್ಟಿನ ಆಪೆರಾ ಗ್ಲಾಸ್ ಸಾಲದು, 6ರಿಂದ 8 ಪಟ್ಟಿನ ಬೈನಾಕ್ಯುಲರ್ ಬೇಕು. 10 ಆದರೆ ಕೈನಡುಕಕ್ಕೆ ಚಿತ್ರವೂ ನಡುಗುತ್ತದೆ. ಅದನ್ನು ಕಣ್ಣಿಗೆ ಅಂಟಿಸಿಕೊಂಡೇ ಕೂರಬೇಡಿ, ಒಬ್ಬರನ್ನು ನೋಡುವಷ್ಟರಲ್ಲಿ ಪಕ್ಕದಲ್ಲಿ ಬಂದು ನಿಂತವರು ತಪ್ಪಿಹೋಗುತ್ತಾರೆ.

ಇಷ್ಟಕ್ಕೂ 'ಓದದೆ ಹೋಗಿ' ಅನ್ನುವ ಮಾತು ಎಲ್ಲಿಂದ ಬಂತು? ಹಾಗೆ ಹೇಳುವ ಇಲ್ಲಿಯವರಿಗೆ ರೋಮಿಯೊ ಜೂಲಿಯೆಟ್ ಕಥೆ ಶಾಲೆಯಿಂದಲೇ ಗೊತ್ತು. ಅವರು ಓದದೆ ಹೋದವರಲ್ಲ, ಓದಿದ್ದನ್ನು ಮರೆತು ಹೋದವರು. ಮೆಕ್ಸಿಕೋದ ಮನೆಯ ಕಥೆ ಬಂದಾಗ ಆ ಆಸರೆ ಕಳಚಿಬೀಳುತ್ತದೆ, ಬುದ್ಧಿಮಾತು ಮಾತ್ರ ಉಳಿದಿರುತ್ತದೆ.

ನಾವೂ ಇದನ್ನೇ ಮಾಡುತ್ತೇವೆ ಎಂದು ಒಪ್ಪಬೇಕು. ಹೊರಗಿನ ಸ್ನೇಹಿತರನ್ನು ಆಟಕ್ಕೆ ಕರೆದೊಯ್ದು, "ಸುಮ್ಮನೆ ನೋಡಿ, ಅರ್ಥ ಆಗುತ್ತೆ" ಅನ್ನುತ್ತೇವೆ. ಮಹಾಭಾರತ ನಮ್ಮ ರಕ್ತದಲ್ಲಿದೆ, ಅವರಲ್ಲಿಲ್ಲ ಎಂಬುದು ಹೊಳೆಯುವುದೇ ಇಲ್ಲ. ಹೊಸ ಪ್ರಸಂಗದ ಕರಪತ್ರದಲ್ಲಿ ಕಲಾವಿದರ ಹೆಸರು ಸಾಲುಗಟ್ಟಿರುತ್ತವೆ, ಕಥೆಗೆ ನಾಲ್ಕು ಸಾಲಿನ ಜಾಗವಿರುವುದಿಲ್ಲ. ನೃತ್ಯರೂಪಕದ ಮುಂಚೆ ಶಾಲು, ಹಾರ, ಫಲಪುಷ್ಪಕ್ಕೆ ಅರ್ಧ ಗಂಟೆ ಸಿಗುತ್ತದೆ, ಕಥಾಸಾರಕ್ಕೆ ಎರಡು ನಿಮಿಷ ಸಿಗುವುದಿಲ್ಲ. ಪುಕ್ಕಟೆ ಕಥಾಸಾರ, ಆ ದಿನದ ಪಾತ್ರಧಾರಿಗಳ ಪಟ್ಟಿ, ಪ್ರದರ್ಶನಕ್ಕೆ ಮುಂಚಿನ ಮಾತುಕತೆ, ಈ ಅಚ್ಚುಕಟ್ಟು ಲಂಡನ್ನಿನದು. ಓದುವವರು ಕಡಿಮೆಯೆಂದು ಆ ಶ್ರಮ ಸಣ್ಣದಾಗುವುದಿಲ್ಲ.

ಇನ್ನೊಂದು ಮಾತನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಎಂದು ಮಾತನ್ನು ಕಳಚಿ, ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಅದು ಯಕ್ಷಗಾನವೇ ಅಲ್ಲ ಎಂದು ಮುನಿದವರಿದ್ದರು. ಮಾತಿನ ಭಾರಕ್ಕೆ ಕುಣಿತ ಕುಗ್ಗುತ್ತದೆ ಎಂದು ಕಾರಂತರಿಗೆ ಅನಿಸಿದ್ದರಲ್ಲಿ ಹುರುಳಿತ್ತು ಎಂಬುದು 'ದಿ ವಿಂಟರ್ಸ್ ಟೇಲ್'ನ ಕೊನೆ ನೋಡಿದರೆ ತಿಳಿಯುತ್ತದೆ. ರಂಗದ ಮೇಲೆ ಎರಡು ಪ್ರತಿಮೆಗಳು, ಸತ್ತಳೆಂದುಕೊಂಡ ರಾಣಿಯದು ಒಂದು, ಅವಳ ಪುಟ್ಟ ಮಗನದು ಇನ್ನೊಂದು. ತಂದೆಯ ಸಂಶಯಕ್ಕೆ ಮೊದಲು ಬಲಿಯಾದವನು ಆ ಹುಡುಗ. ರಾಣಿಯ ಪ್ರತಿಮೆಗೆ ಜೀವ ಬರುತ್ತದೆ, ಗಂಡ ಹೆಂಡತಿ ಹದಿನಾರು ವರ್ಷದ ಮೇಲೆ ಕೈ ಹಿಡಿಯುತ್ತಾರೆ. ಹುಡುಗ ಕಲ್ಲಾಗಿಯೇ ನಿಂತಿರುತ್ತಾನೆ. ಅಲ್ಲಿ ಯಾರೂ ಏನೂ ಹೇಳುವುದಿಲ್ಲ. ಎಂಥ ಭಾಗವತರಿದ್ದರೂ ಅಲ್ಲಿಗೆ ಒಂದು ಪದ ಎತ್ತಲಾರರು.