ಏಳನೇ ದಿಕ್ಕಿಗೆ ಬಿದ್ದ ಬ್ಯಾಟರಿ

2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಅಲ್ಲಲ್ಲಿ ಧಗಧಗ ಉರಿದ ಮೇಲೆ ಸರ್ಕಾರ ಎಐಎಸ್-156 ಎಂಬ ನಿಯಮಾವಳಿಯನ್ನು ಬಿಗಿ ಮಾಡಿತು. ಅದರ ಪ್ರಕಾರ ಕಳಚಿ ಒಯ್ಯುವ ಬ್ಯಾಟರಿಯನ್ನು 1 ಮೀಟರ್ ಎತ್ತರದಿಂದ ಆರು ದಿಕ್ಕಿಗೆ ಬೀಳಿಸಿ ನೋಡಬೇಕು. ಎಲ್ಲಿಗೆ ಬೀಳಿಸಬೇಕು? ನುಣುಪಾದ, ಸಮತಟ್ಟಾದ ಕಾಂಕ್ರೀಟ್ ನೆಲಕ್ಕೆ. ಆಮೇಲೆ 1 ಗಂಟೆ ಅದನ್ನೇ ನೋಡುತ್ತಾ ಕೂರಬೇಕು. ಸೋರಿಕೆ, ಬೆಂಕಿ, ಸ್ಫೋಟ ಏನೂ ಇಲ್ಲದಿದ್ದರೆ ಪಾಸು.

ನುಣುಪು, ಸಮತಟ್ಟು, ಕಾಂಕ್ರೀಟ್. ಈ ಮೂರೂ ಒಂದೇ ಕಡೆ ಸಿಗುವ ಜಾಗ ಬೆಂಗಳೂರಿನ ನಮ್ಮ ಹನುಮಂತನಗರದಲ್ಲಿದ್ದರೆ ದಯವಿಟ್ಟು ತಿಳಿಸಿ, ವಾಕಿಂಗ್‌ಗಾದರೂ ಆದೀತು.

ನನ್ನ ಸ್ಕೂಟರಿನ ಬ್ಯಾಟರಿಯೂ ಈ ಪರೀಕ್ಷೆ ಪಾಸಾದ ಮಾದರಿಯದ್ದೇ. ಬೇಸ್‌ಮೆಂಟಿನಲ್ಲಿ ಚಾರ್ಜ್ ಮಾಡಿದರೆ ಅಪಾಯ ಅಂತ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಿಷೇಧ ಹೇರಿದೆ. ಹಾಗಾಗಿ ಎಲ್ಲರೂ ಬ್ಯಾಟರಿ ಹೊತ್ತುಕೊಂಡು ಹೋಗಿ ಮನೆಯೊಳಗೆ, ದೇವರ ಕೋಣೆ ಪಕ್ಕದ ಪ್ಲಗ್ಗಿಗೆ ಹಾಕುತ್ತೇವೆ. ಮೊನ್ನೆ ಹಾಗೆ ಹೊರುವಾಗ, ಕೇಬಲ್ ಎಳೆದವರು ಎತ್ತಿಟ್ಟು ಮರೆತುಹೋದ ಫುಟ್‌ಪಾತ್ ಚಪ್ಪಡಿ ನನ್ನ ಕಾಲಡಿ ತಕ್ಕಡಿಯಂತೆ ಎದ್ದಿತು. ಬ್ಯಾಟರಿ ಏಳನೇ ದಿಕ್ಕಿಗೆ ಬಿತ್ತು. ಅದೂ ಒಡೆದ ಚಪ್ಪಡಿಯಿಂದ ಈಚೆ ಚಾಚಿದ್ದ ಕಬ್ಬಿಣದ ಕಂಬಿಯ ಮೇಲೆ. ಬ್ಯಾಟರಿ ಸಾಗಣೆಗೆಂದು ವಿಶ್ವಸಂಸ್ಥೆ ಗೊತ್ತುಮಾಡಿದ ಪರೀಕ್ಷೆಯಲ್ಲೂ ಒಂದು ಕಂಬಿ ಬರುತ್ತದೆ: ಬ್ಯಾಟರಿಯೊಳಗೆ ಜೋಡಿಸುವ ಬಿಡಿ ಸೆಲ್ಲಿನ ಮೇಲೆ 15.8 ಮಿ.ಮೀ. ದಪ್ಪದ ಸರಳಿಟ್ಟು, 61 ಸೆಂ.ಮೀ. ಮೇಲಿಂದ 9.1 ಕೆ.ಜಿ. ತೂಕ ಬೀಳಿಸುತ್ತಾರೆ. ಅವರದಕ್ಕೆ ಲ್ಯಾಬ್ ಬೇಕು. ನಮ್ಮಲ್ಲಿ ಬೀದಿಗೊಂದು ಉಚಿತ.

ಮೂಲೆ ನಜ್ಜಾಯಿತು. ಸೆಲ್ಲಿನೊಳಗೆ ಎರಡು ಧ್ರುವಗಳನ್ನು ಬೇರೆ ಮಾಡಿರುವುದು ತಲೆಗೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ಅದು ಹರಿದರೆ ಒಳಗೇ ಶಾರ್ಟ್ ಆಗಿ, ಶಾಖದಿಂದ ಶಾಖ ಹುಟ್ಟಿ, ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಬೆಂಕಿ ಹತ್ತಬಹುದು. ತಕ್ಷಣವೇ ಆಗಬೇಕೆಂದಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಬಿಟ್ಟೂ ಆಗುವುದುಂಟು. ಸರ್ವಿಸ್ ಸೆಂಟರಿಗೆ ಓಡಿದೆ.

‘ಆ್ಯಪಲ್ಲಿ ಎರರ್ ಬಂದಿದ್ಯಾ ಸಾರ್?’

‘ಇಲ್ಲಪ್ಪ.’

‘ಹಂಗಾದ್ರೆ ಏನೂ ಆಗಿಲ್ಲ. ಆರಾಮಾಗಿ ಓಡ್ಸಿ.’

‘ವಾರಂಟಿಲಿ ಬದಲಾಯಿಸಿ ಕೊಡ್ತೀರಾ?’

‘ಡೆಂಟ್ ಆಗಿದ್ಯಲ್ಲ ಸಾರ್, ವಾರಂಟಿ ಹೋಯ್ತು.’

ಓಡಿಸುವುದಕ್ಕೆ ಏನೂ ಆಗಿಲ್ಲ, ವಾರಂಟಿಗೆ ಎಲ್ಲಾ ಆಗಿದೆ. ಬಿಚ್ಚಿ ನೋಡಿ ಅಂದೆ. ಬಿಚ್ಚಿದರೆ ಸೀಲ್ ಹೋಗುತ್ತದಂತೆ. ಹೊಸ ಬ್ಯಾಟರಿಯನ್ನು ಕುಲುಕಿ, ಮುಳುಗಿಸಿ, ಬೀಳಿಸಿ ಪರೀಕ್ಷೆ ಮಾಡುವವರಿದ್ದಾರೆ. ನಿಜವಾಗಿ ಬಿದ್ದದ್ದನ್ನು ಮೂಸಿ ನೋಡುವವರಿಲ್ಲ. (ಮೂಸುವುದು ತಮಾಷೆಯ ಮಾತಲ್ಲ. ಸೆಲ್ ಸೋರಿದರೆ ಸಿಹಿಸಿಹಿ ಘಾಟು ಬರಬಹುದು.)

ಸಂಜೆ ಅಸೋಸಿಯೇಷನ್ ತುರ್ತುಸಭೆ ಸೇರಿತು. ಬೆಂಕಿ ಆರಿಸುವ ಪುಡಿ ಸಿಲಿಂಡರ್ ತರಿಸೋಣ ಎಂದರು ಸೆಕ್ರೆಟರಿ. ಪುಡಿ ಜ್ವಾಲೆ ಆರಿಸುತ್ತದೆ, ಸೆಲ್ ತಣ್ಣಗಾಗಲು ನೀರು ಬೇಕು ಎಂದೆ. ‘ಟ್ಯಾಂಕರಿಗೆ ದುಡ್ಡು ನೀವು ಕೊಡ್ತೀರಾ?’ ಎಂದು ಎರಡನೇ ಮಹಡಿಯ ಅಂಕಲ್ ಕೇಳಿದಾಗ ನೀರಿನ ವಿಷಯ ಅಲ್ಲಿಗೇ ಮುಗಿಯಿತು. ಕೊನೆಗೆ ಬ್ಯಾಟರಿಯನ್ನು ಕಾಂಪೌಂಡಿನಲ್ಲಿ, ಪಾರಿಜಾತದ ಗಿಡದಿಂದ ದೂರ ಇಟ್ಟು, ನಿಯಮದಂತೆ 1 ಗಂಟೆ ವೀಕ್ಷಣೆ ಮಾಡಿಸುವುದೆಂದು ಠರಾವಾಯಿತು.

ವಾಚ್‌ಮನ್ ತಾತ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತರು.

‘ಏನ್ ನೋಡ್ಬೇಕು ಸಾರ್?’

‘ಹೊಗೆ ಬರತ್ತಾ ಅಂತ.’

‘ಬಂದ್ರೆ?’

ನಾವೆಲ್ಲ ಸೆಕ್ರೆಟರಿ ಮುಖ ನೋಡಿದೆವು. ಅವರು ಮಿನಿಟ್ಸ್ ಪುಸ್ತಕ ಮಡಚುತ್ತಿದ್ದರು. ತಾತ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಹಾಕಿಕೊಂಡು ಬೀಡಿ ಹಚ್ಚಿದರು.